ಸಂಚಕಾರಕ್ಕೆ ಮುನ್ನ ಮೋಜಣಿ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ನಾಣ್ಣುಡಿ ಹುಟ್ಟಿದ ಕಾಲದಲ್ಲಿ ಮನೆಯನ್ನು ಕಟ್ಟಿಸುವವನೇ ಅದರಲ್ಲಿ ಬಾಳುವವನೂ ಆಗಿದ್ದನು. ತನ್ನ ಹಿತ್ತಲು ಎಲ್ಲಿಗೆ ಮುಗಿಯುತ್ತದೆ, ನೆರೆಯವನ ಗೋಡೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಅವನಿಗೆ ಅಜ್ಜನ ಕಾಲದಿಂದ ಗೊತ್ತಿದ್ದಿತು. ತಳಪಾಯವನ್ನು ಎಷ್ಟು ಆಳ ತೋಡಿದರು, ಗಾರೆಗೆ ಎಷ್ಟು ಸುಣ್ಣ ಬೆರೆಸಿದರು ಎಂಬುದನ್ನು ಅವನು ಎದುರಿಗೆ ನಿಂತು ನೋಡಿದ್ದನು. ಮಹಾನಗರಗಳಿಗೆ ಬಂದು ನೆಲೆಸಿದ ನಾವಾದರೋ ಮನೆಯನ್ನು ಕಟ್ಟಿಸುವುದಿಲ್ಲ, ಕೊಳ್ಳುತ್ತೇವೆ. ಅದೂ ನೆಲದಿಂದ ನಾಲ್ಕಾರು ಮಹಡಿ ಮೇಲೆ, ಯಾರೋ ಕಟ್ಟಿಸಿದ, ಯಾರೋ ಬಾಳಿ ಬಿಟ್ಟ ಮನೆಯನ್ನು, ನಮ್ಮದಲ್ಲದ ಭಾಷೆಯ ಕಾಗದಪತ್ರಗಳನ್ನು ನಂಬಿ ಕೊಳ್ಳುತ್ತೇವೆ.

ಮದುವೆಯ ವಿಷಯದಲ್ಲಿ ನಾವು ಇಂದಿಗೂ ಎಚ್ಚರ ತಪ್ಪಿಲ್ಲ. ಹುಡುಗನ ಕೆಲಸ, ಹುಡುಗಿಯ ಓದು, ಎರಡೂ ಕಡೆಯ ಬಂಧುಬಳಗ, ಮನೆತನದ ಕಾಯಿಲೆ ಕಸಾಲೆ ಇವನ್ನೆಲ್ಲ ಹತ್ತು ಕಡೆ ವಿಚಾರಿಸಿದ ಹೊರತು ತಾಂಬೂಲ ಬದಲಾಯಿಸುವುದಿಲ್ಲ. ಮನೆಯ ವಿಷಯದಲ್ಲಿ ಮಾತ್ರ ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಸುತ್ತಿ ನೋಡಿ, ಅಡುಗೆಮನೆ ಆಗ್ನೇಯಕ್ಕಿದೆಯೆಂದು ಸಂತೋಷಪಟ್ಟು, ಸಂಜೆಯೊಳಗೆ ಮುಂಗಡದ ಚೆಕ್ಕು ಬರೆದುಕೊಡುವವರು ನಮ್ಮಲ್ಲಿ ಅನೇಕರು. ಮುಂಗಡಕ್ಕೆ ಉತ್ತರ ಕರ್ನಾಟಕದ ಕಡೆ ‘ಸಂಚಕಾರ’ ಎನ್ನುತ್ತಾರೆ. ಅದೇ ಪದಕ್ಕೆ ಕನ್ನಡದಲ್ಲಿ ಅಪಾಯವೆಂಬ ಅರ್ಥವೂ ಉಂಟು. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಹೇಗೆ ಕೂಡಿಕೊಂಡವೆಂಬುದನ್ನು ಪಂಡಿತರು ಹೇಳಬೇಕು; ಮನೆ ಕೊಂಡು ಕೈಸುಟ್ಟುಕೊಂಡವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಪ್ರಸ್ತುತ ಲೇಖನದ ವಾದ ಇಷ್ಟೆ. ಸಂಚಕಾರ ಕೊಡುವುದಕ್ಕೆ ಮುಂಚೆಯೇ, ಕೊಳ್ಳುವವನು ತಾನೇ ಗೊತ್ತುಮಾಡಿದ ಜನರಿಂದ ಎರಡು ಬಗೆಯ ಪರೀಕ್ಷೆಗಳನ್ನು ಮಾಡಿಸಬೇಕು. ಒಂದು ನೆಲದ ಪರೀಕ್ಷೆ: ಕಾಗದದ ಮೇಲಿರುವ ನಿವೇಶನ ಭೂಮಿಯ ಮೇಲೂ ಅಷ್ಟೇ ಇದೆಯೇ, ಅಲ್ಲಿಯೇ ಇದೆಯೇ, ಅದರ ಮೇಲೆ ಯಾರ ಯಾವ ನಿರ್ಬಂಧವಿದೆ ಎಂಬುದರ ಶೋಧನೆ. ಇನ್ನೊಂದು ಕಟ್ಟಡದ ಪರೀಕ್ಷೆ: ಗೋಡೆ, ಕಂಬ, ತಾರಸಿಗಳ ಆರೋಗ್ಯ ಹೇಗಿದೆ ಎಂಬುದರ ಶೋಧನೆ. “ಬ್ಯಾಂಕು ಸಾಲ ಕೊಟ್ಟಿದೆ, ನೋಂದಣಿಯೂ ಆಗುತ್ತದೆ, ಇನ್ನೇನು ಬೇಕು?” ಎಂಬ ಸಮಾಧಾನ ಇವೆರಡಕ್ಕೂ ಬದಲಿಯಾಗಲಾರದು.

ನೋಂದಣಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 1908ರ ನೋಂದಣಿ ಕಾಯಿದೆಯಂತೆ ಉಪನೋಂದಣಾಧಿಕಾರಿ ನೋಂದಾಯಿಸುವುದು ದಸ್ತಾವೇಜನ್ನು. ಮಾರುವವನಿಗೆ ಆ ಆಸ್ತಿಯ ಮೇಲೆ ನಿಜವಾದ ಒಡೆತನವಿದೆಯೆಂದು ಸರಕಾರ ಅದರಿಂದ ಜಾಮೀನು ನಿಂತಂತಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಮಾರುವವನು ತನಗೆ ತಿಳಿದಿರುವ ಮಹತ್ವದ ದೋಷಗಳನ್ನು ಕೊಳ್ಳುವವನಿಗೆ ತಿಳಿಸಬೇಕು, ನಿಜ. ಆದರೆ ಆ ಕರ್ತವ್ಯ, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಲಾರದ ದೋಷಗಳಿಗೆ ಮಾತ್ರ ಅನ್ವಯಿಸುತ್ತದೆ. ಕಣ್ಣಿಟ್ಟು ನೋಡಿದ್ದರೆ ಕಾಣುತ್ತಿದ್ದ ಬಿರುಕಿಗೆ, ಅಳತೆ ಪಟ್ಟಿ ಹಿಡಿದಿದ್ದರೆ ತಿಳಿಯುತ್ತಿದ್ದ ಕೊರತೆಗೆ ಹೊಣೆ ನಮ್ಮದೇ. ನೋಡುವ ಕೆಲಸ ನಮ್ಮದೆಂದು ಶಾಸನವೇ ನೂರನಾಲ್ವತ್ತು ವರ್ಷಗಳಿಂದ ಹೇಳುತ್ತಿದೆ.

ಇನ್ನು ಬ್ಯಾಂಕು. ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರೆ, ಮೌಲ್ಯಮಾಪಕರು ಬಂದು ಮನೆ ನೋಡಿಹೋಗುತ್ತಾರೆ. ಅವರ ಶುಲ್ಕವನ್ನು ತೆರುವವರು ಬಹುಮಟ್ಟಿಗೆ ನಾವೇ. ಆದರೆ ಅವರು ಬರೆಯುವ ವರದಿ ಬ್ಯಾಂಕಿಗಾಗಿ. ಕೊಟ್ಟ ಸಾಲ ಈ ಮನೆಯಿಂದ ವಸೂಲಾದೀತೇ ಎಂಬುದು ಅವರ ಪ್ರಶ್ನೆ. ಈ ಮನೆಯಲ್ಲಿ ನಮ್ಮ ಮಕ್ಕಳು ಇಪ್ಪತ್ತು ವರ್ಷ ಸುಖವಾಗಿ ಉಸಿರಾಡಬಲ್ಲರೇ ಎಂಬುದಲ್ಲ. ಸಾಲಕ್ಕೆ ನಮ್ಮ ಸಂಬಳವೂ ಆಧಾರವಾಗಿರುವುದರಿಂದ, ಮನೆಯಲ್ಲಿ ಸ್ವಲ್ಪ ಕುಂದಿದ್ದರೂ ಅವರ ಗಂಟು ಮುಳುಗುವುದಿಲ್ಲ. ಊರಿನ ಎರಡೆಕರೆ ಮಾರಿ, ಭವಿಷ್ಯನಿಧಿಯಿಂದ ತೆಗೆದು ನಾವು ಹಾಕುವ ಸ್ವಂತ ಪಾಲಿನ ಹಣವೇ ಮೊದಲು ಮುಳುಗುವ ಹಣ.

ಮೋಜಣಿ ಎಂದ ಕೂಡಲೇ ಪರದೇಶದ ವಿದ್ಯೆಯೆಂದು ನಾವು ಹಿಂಜರಿಯಬೇಕಾಗಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಪುಣೆಗೆ ಬಂದವರಿಗೆ ಇದು ಮನೆಯ ಮಾತೇ ಸರಿ. ಮುಂಬಯಿ ಪ್ರಾಂತದ ಪ್ರಸಿದ್ಧ ಭೂಮಾಪನ ಪದ್ಧತಿ ಆರಂಭವಾದುದು ಇದೇ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ, 1835–36ರ ಸುಮಾರಿಗೆ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳಿಂದ. ಅದೇ ಪದ್ಧತಿ 1840ರ ದಶಕದಲ್ಲಿ ನಮ್ಮ ಧಾರವಾಡ, ಬೆಳಗಾವಿ ಸೀಮೆಗಳಿಗೆ ಹಬ್ಬಿತು. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ, ಒಂದು ಚದರ ಸರಪಳಿಗೆ ಒಂದು ಗುಂಟೆ, ನಾಲ್ವತ್ತು ಗುಂಟೆಗೆ ಒಂದು ಎಕರೆ: ಲೆಕ್ಕ ಅಲ್ಲಿಯೂ ಅದೇ, ಇಲ್ಲಿಯೂ ಅದೇ. 1956ರವರೆಗೆ ಆ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ ಪದಗಳೂ ಒಂದೇ. ಊರಲ್ಲಿ ನಾವು ‘ಉತಾರ’ ಎನ್ನುವುದನ್ನೇ ಇಲ್ಲಿ ‘ಸಾತ್‌ಬಾರಾ ಉತಾರಾ’ ಎನ್ನುತ್ತಾರೆ. ‘ಫೇರಫಾರ’ಕ್ಕೆ ಎರಡೂ ಕಡೆ ಒಂದೇ ಹೆಸರು. ಕರ್ನಾಟಕ ಸರಕಾರದ ಅಳತೆ ಅರ್ಜಿಯ ಗಣಕ ವ್ಯವಸ್ಥೆಗೆ ‘ಮೋಜಿಣಿ’ ಎಂದೇ ಹೆಸರು. ಲಿಪಿಯೊಂದು ಬೇರೆ. ಊರಿನ ಹೊಲದ ಬದುವಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದ ಮನೆತನದವರೂ ಇಲ್ಲಿಗೆ ಬಂದು ನಿವೇಶನದ ಗಡಿಯನ್ನು ಕೇಳದೆ ಮನೆ ಕೊಳ್ಳುವುದು ನನಗೆ ಬಿಡಿಸಲಾಗದ ಒಗಟು.

ಸಾತ್‌ಬಾರಾ ಎಂದರೆ ಗ್ರಾಮದ ಏಳನೆಯ ಮತ್ತು ಹನ್ನೆರಡನೆಯ ನಮೂನೆಗಳು. ಏಳರಲ್ಲಿ ಹಕ್ಕು, ಹನ್ನೆರಡರಲ್ಲಿ ಬೆಳೆ. ಅದರಲ್ಲಿ ‘ಇತರ ಹಕ್ಕುಗಳು’ ಎಂಬ ಒಂದು ಭಾಗವಿದೆ. ಕುಳ, ಬೋಜಾ, ತಂಟೆ ತಕರಾರುಗಳೆಲ್ಲ ಸಾಮಾನ್ಯವಾಗಿ ಅಲ್ಲಿ ಅಡಗಿರುತ್ತವೆ. ಭೋಗವಟಾದಾರ ವರ್ಗ ಎರಡು ಎಂದು ಬರೆದಿದ್ದರೆ ಆ ಭೂಮಿಯನ್ನು ಸರಕಾರದ ಅಪ್ಪಣೆಯಿಲ್ಲದೆ ಪರಭಾರೆ ಮಾಡುವಂತಿಲ್ಲವೆಂದು ತಿಳಿಯಬೇಕು. ನಗರ ಭೂಮಾಪನ ಆಗಿರುವ ಭಾಗಗಳಲ್ಲಿ ಸಾತ್‌ಬಾರಾದ ಬದಲು ಪ್ರಾಪರ್ಟಿ ಕಾರ್ಡು ಇರುತ್ತದೆ. ಇವೆಲ್ಲ ಲೆಕ್ಕದ ಪುಸ್ತಕದ ಮಾತು. ನೆಲದ ಮೇಲಿನ ಮಾತನ್ನು ಹೇಳುವುದು ಭೂಮಿ ಅಭಿಲೇಖ ಕಚೇರಿಯ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಕೊಟ್ಟು, ಸ್ಥಳಕ್ಕೆ ಬಂದು ಅಳೆದು ಕೊಡುವ ನಕ್ಷೆ. ಇದನ್ನು ಇಲ್ಲಿ ‘ಕ ಪ್ರತ’ ಎಂದು ಕರೆಯುತ್ತಾರೆ. ಈ ಮೋಜಣಿಗೆ ಅರ್ಜಿ ಹಾಕಬೇಕಾದವನು ಹಕ್ಕುದಾರನೇ ಹೊರತು ಕೊಳ್ಳಲಿರುವವನಲ್ಲ. ಆದ್ದರಿಂದ ಬಂಗಲೆಯನ್ನೋ ಬಿಡಿ ನಿವೇಶನವನ್ನೋ ಕೊಳ್ಳುವವರು ಬೆಲೆ ಮಾತಾಡುವಾಗಲೇ, “ಮೊದಲು ಮೋಜಣಿ ಮಾಡಿಸಿ, ಖರ್ಚನ್ನು ಬೇಕಾದರೆ ನಾನೇ ಕೊಡುತ್ತೇನೆ” ಎಂದು ಷರತ್ತು ಹಾಕುವುದು ಲೇಸು. ಈ ಮಾತಿಗೆ ಮಾರುವವನ ಮುಖ ಬಾಡಿದರೆ ಅರ್ಧ ಮೋಜಣಿ ಅಲ್ಲಿಯೇ ಆದಂತೆ.

“ನಾನು ಕೊಳ್ಳುವುದು ಮೂರನೆಯ ಮಹಡಿಯ ಎರಡು ಕೋಣೆಯ ಫ್ಲಾಟು, ನೆಲದ ಅಳತೆಯಿಂದ ನನಗೇನು?” ಎಂದು ಕೆಲವರು ಕೇಳಬಹುದು. ಕಟ್ಟಡ ವರ್ಷೇ ವರ್ಷೇ ಸವೆಯುತ್ತದೆ. ಬೆಲೆ ಬಾಳುವುದು ಕೆಳಗಿನ ನೆಲ. ಮಹಾರಾಷ್ಟ್ರದ 1963ರ ಫ್ಲಾಟು ಒಡೆತನದ ಕಾಯಿದೆಯಂತೆ ಕಟ್ಟಿಸಿದವನು ಆ ನೆಲವನ್ನು ನಿವಾಸಿಗಳ ಸಹಕಾರಿ ಸಂಘಕ್ಕೆ ಬರೆದುಕೊಡಬೇಕು. ಅನೇಕ ಕಡೆ ಇದು ಆಗದೆ ಉಳಿದುದರಿಂದಲೇ 2008ರಲ್ಲಿ ಕಾಯಿದೆಯನ್ನು ತಿದ್ದಿ, ಕಟ್ಟಿಸಿದವನು ಬಾರದಿದ್ದರೂ ಸಕ್ಷಮ ಅಧಿಕಾರಿಯ ಮೂಲಕ ಸಂಘವು ನೆಲದ ಹಕ್ಕನ್ನು ಪಡೆಯುವಂತೆ ಅನುಕೂಲ ಕಲ್ಪಿಸಬೇಕಾಯಿತು. ಹಳೆಯ ಫ್ಲಾಟು ಕೊಳ್ಳುವವರು ಸಂಘದ ಕಾರ್ಯದರ್ಶಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ ತಿಂಗಳ ನಿರ್ವಹಣೆಯ ಹಣ ಎಷ್ಟೆಂಬುದಲ್ಲ. ನೆಲ ಯಾರ ಹೆಸರಿನಲ್ಲಿದೆ ಎಂಬುದು.

ಈಗ ವಿಮಾನ ನಗರಕ್ಕೆ ಬರೋಣ. ನಮ್ಮ ಸಂಘದ ಸದಸ್ಯರಲ್ಲಿ ಇಲ್ಲಿ ಮನೆ ಮಾಡಿದವರೂ ಮಾಡಲಿರುವವರೂ ಇದ್ದಾರೆ. ವಡಗಾಂವ ಶೇರಿ, ಲೋಹಗಾಂವಗಳ ಹಳೆಯ ಹೊಲಗಳ ಮೇಲೆ ಎದ್ದುನಿಂತ ಬಡಾವಣೆಯಿದು. ಇಲ್ಲಿನ ದಸ್ತಾವೇಜುಗಳಲ್ಲಿ ಇಂದಿಗೂ ಆ ಹಳ್ಳಿಗಳ ಸರ್ವೆ ನಂಬರುಗಳೇ ಕಾಣುತ್ತವೆ. ಹೆಸರೇ ಹೇಳುವಂತೆ ಇದರ ಭಾಗ್ಯವೂ ಕಷ್ಟವೂ ವಿಮಾನದ್ದೇ. 1939ರಲ್ಲಿ ಬ್ರಿಟಿಷರು ಸ್ಥಾಪಿಸಿದ ಲೋಹಗಾಂವದ ವಾಯುನೆಲೆ ಪಕ್ಕದಲ್ಲಿದೆ. ನಾಗರಿಕ ವಿಮಾನಗಳು ಇಳಿಯುವುದೂ ಆ ವಾಯುಪಡೆಯ ಓಡುದಾರಿಯ ಮೇಲೆಯೇ. ಹೀಗಾಗಿ ಇಲ್ಲಿ ನೆಲದ ಉದ್ದಗಲಗಳಷ್ಟೇ ಮುಖ್ಯವಾದ ಮೂರನೆಯ ಅಳತೆಯೊಂದಿದೆ, ಅದು ಎತ್ತರ.

ಈ ಎತ್ತರದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಧ್ಯಸ್ಥಗಾರರು ಇದನ್ನು ಹೇಳುವುದಿಲ್ಲ. ವಿಮಾನಗಳ ಸುರಕ್ಷಿತತೆಗಾಗಿ 2015ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳಂತೆ, ವಿಮಾನ ನಿಲ್ದಾಣದ ಸುತ್ತ ಕಟ್ಟಲು ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರದಲ್ಲಿ ಕಟ್ಟಡದ ತುದಿ ಎಷ್ಟು ಎತ್ತರ ಹೋಗಬಹುದೆಂಬುದನ್ನು ಅಳೆಯುವುದು ರಸ್ತೆಯಿಂದಲ್ಲ, ಸಮುದ್ರಮಟ್ಟದಿಂದ. ಪುಣೆಯ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 592 ಮೀಟರು ಮೇಲಿದೆ. ಉದಾಹರಣೆಗಾಗಿ ಎಣಿಸೋಣ: ಒಂದು ನಿವೇಶನದಲ್ಲಿ ತುದಿಯ ಮಿತಿ 620 ಮೀಟರು, ನಿವೇಶನದ ನೆಲ 585 ಮೀಟರು ಎಂದು ಅರ್ಜಿಯಲ್ಲಿ ಬರೆದಿದ್ದರೆ, ಕಟ್ಟಡಕ್ಕೆ 35 ಮೀಟರು ದೊರೆಯಿತು. ನಿಜವಾದ ನೆಲ 588 ಮೀಟರಿನಲ್ಲಿದ್ದರೆ ದೊರೆಯಬೇಕಾದುದು 32 ಮಾತ್ರ. ಮೂರು ಮೀಟರೆಂದರೆ ಸರಿಯಾಗಿ ಒಂದು ಮಹಡಿ. ಆ ಮಹಡಿಯಲ್ಲಿ ಯಾರದೋ ಸಂಸಾರ, ಯಾರದೋ ದೇವರ ಕೋಣೆ ಇರುತ್ತದೆ.

ಇದು ಕಲ್ಪನೆಯ ಭಯವಲ್ಲ. ಮುಂಬಯಿಯ ವಿಮಾನ ನಿಲ್ದಾಣದ ಸುತ್ತಲಿನ 48 ಕಟ್ಟಡಗಳಲ್ಲಿ ಮಿತಿ ಮೀರಿದ ಭಾಗಗಳನ್ನು ತೆಗೆಯಿಸಬೇಕೆಂದು 2022ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಉಪನಗರ ಜಿಲ್ಲಾಧಿಕಾರಿಗೆ ಆಜ್ಞಾಪಿಸಿತು. ವಿಮಾನ ನಗರದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿನ ಹಳೆಯ ಕಟ್ಟಡಗಳ ಫ್ಲಾಟುಗಳನ್ನು “ನಾಳೆ ಪುನರ್ನಿರ್ಮಾಣವಾದರೆ ದೊಡ್ಡ ಮನೆ ಸಿಗುತ್ತದೆ” ಎಂಬ ಆಸೆ ತೋರಿಸಿ ಮಾರುತ್ತಾರೆ. ಪುನರ್ನಿರ್ಮಾಣದ ಲಾಭ ಬರುವುದು ಮೇಲೆ ಹೆಚ್ಚು ಮಹಡಿಗಳನ್ನು ಏರಿಸುವುದರಿಂದ. ಮೇಲಕ್ಕೆ ಏರಲು ಆಕಾಶವೇ ಇಲ್ಲದಿದ್ದರೆ ಲಾಭವೆಲ್ಲಿಯದು? ನಾಳೆಯ ಮನೆಗಾಗಿ ಇಂದೇ ಹೆಚ್ಚಿನ ಬೆಲೆ ತೆರುವವರು, ಆ ನಿವೇಶನದ ಎತ್ತರದ ಮಿತಿಯನ್ನು ಬರವಣಿಗೆಯಲ್ಲಿ ಕೇಳಿ ನೋಡಬೇಕು. ಜೊತೆಗೆ 1903ರ ರಕ್ಷಣಾ ಕಾಮಗಾರಿ ಕಾಯಿದೆಯೊಂದುಂಟು. ವಾಯುನೆಲೆಯ ಸರಹದ್ದಿನಿಂದ, ಶಸ್ತ್ರಾಸ್ತ್ರಗಳ ಕೋಠಿಯಿಂದ ಇಷ್ಟು ದೂರದೊಳಗೆ ಕಟ್ಟಬಾರದೆಂಬ ನಿರ್ಬಂಧಗಳು ಅದರಡಿ ಬರುತ್ತವೆ. ಲೋಹಗಾಂವದ ಸುತ್ತಲಿನ ನಿವಾಸಿಗಳನ್ನು ಬಹುಕಾಲ ಕಾಡಿದ 900 ಮೀಟರಿನ ಪ್ರಶ್ನೆ ಇದೇ. ನಾವು ಕೊಳ್ಳುವ ಸರ್ವೆ ನಂಬರು ಆ ಗೆರೆಯ ಒಳಗೋ ಹೊರಗೋ ಎಂಬುದನ್ನು ನಕ್ಷೆಯ ಮೇಲೆ ಅಳೆದು ನೋಡದೆ ಅನ್ಯ ದಾರಿಯಿಲ್ಲ.

ನಿವೃತ್ತಿಯ ನಂತರಕ್ಕೆಂದು ಬೆಂಗಳೂರಿನಲ್ಲಿ ನಿವೇಶನ ಕೊಂಡಿಡುವ ಪುಣೆಯ ಕನ್ನಡಿಗರೂ ಕಡಮೆಯಿಲ್ಲ. ಅವರಿಗೆ 2016ರ ಆಗಸ್ಟ್ ತಿಂಗಳು ನೆನಪಿರಬೇಕು. ರಾಜಕಾಲುವೆಗಳ ಒತ್ತುವರಿ ತೆರವಿನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ಮನೆಗಳು ನೆಲಕ್ಕುರುಳಿದವು. ನಿವಾಸಿಗಳ ಕೈಯಲ್ಲಿ ಕ್ರಯಪತ್ರವಿದ್ದಿತು, ಖಾತೆಯಿದ್ದಿತು, ತೆರಿಗೆ ಕಟ್ಟಿದ ರಸೀದಿಯಿದ್ದಿತು, ಬ್ಯಾಂಕಿನ ಸಾಲವೂ ಇದ್ದಿತು. ಹಳೆಯ ಗ್ರಾಮನಕ್ಷೆಯಲ್ಲಿ ಕಾಲುವೆಯಿದೆಯೆಂಬ ಒಂದು ಮಾತಿನ ಮುಂದೆ ಅವಾವುವೂ ನಿಲ್ಲಲಿಲ್ಲ. ಆ ತೆರವು ನ್ಯಾಯವೋ ಅನ್ಯಾಯವೋ, ಅಂತಹ ನಕ್ಷೆಗೆ ಅನುಮತಿ ಕೊಟ್ಟ ಅಧಿಕಾರಿಗಳಿಗೆ ಆದ ಶಿಕ್ಷೆಯೇನು ಎಂಬ ಪ್ರಶ್ನೆಗಳನ್ನು ಕೇಳಲೇಬೇಕು. ಸರಕಾರವೇ ಮುದ್ರೆಯೊತ್ತಿ ಸರಕಾರವೇ ಒಡೆಯುವುದು ನನಗೆ ಅಕ್ಷಮ್ಯವಾಗಿ ತೋರುತ್ತದೆ. ಆದರೆ ಗ್ರಾಮನಕ್ಷೆ ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಪಡೆದು, ಭೂಮಾಪಕನಿಂದ ನಿವೇಶನದ ಮೇಲೆ ಕೂಡಿಸಿ ನೋಡಬಹುದು. ಪುಣೆಯಲ್ಲಿ ನದಿಯ ಬಳಿ ಕೊಳ್ಳುವವರು ಇದೇ ರೀತಿ ನೀಲಿ ರೇಖೆ, ಕೆಂಪು ರೇಖೆಗಳನ್ನು ವಿಚಾರಿಸಬೇಕು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ ನೀಲಿ, ನೂರು ವರ್ಷಕ್ಕೊಮ್ಮೆಯದು ಕೆಂಪು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿ ಹಳೆಯ ಪೇಟೆಗಳನ್ನು ಹೊಕ್ಕ ಊರಿದು.

ಕಟ್ಟಡದ ಪರೀಕ್ಷೆಯ ವಿಷಯಕ್ಕೆ ಬಂದರೆ, ಈ ಸಂಚಿಕೆಯ ಇತರ ಪುಟಗಳಲ್ಲಿ ವೈದ್ಯ ಮಿತ್ರರು ನಾಲ್ವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಬೇಕೆಂದು ಬರೆಯುವುದುಂಟು. ಕಾಂಕ್ರೀಟಿಗೂ ವಯಸ್ಸಾಗುತ್ತದೆ. ಮಳೆನೀರು ಒಳಗಿಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿದರೆ, ಆ ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆಗ ಒಳಗಿನಿಂದ ಒತ್ತಡ ಬಿದ್ದು ಕಂಬದ ಉದ್ದಕ್ಕೂ ಬಿರುಕು ಬಿಡುತ್ತದೆ, ಮುಂದೆ ಹೊದಿಕೆಯ ಕಾಂಕ್ರೀಟು ಹೋಳುಹೋಳಾಗಿ ಉದುರುತ್ತದೆ. ಹೊಸ ಬಣ್ಣ ಬಳಿದು ಇದನ್ನು ಆರು ತಿಂಗಳು ಮರೆಮಾಡಬಹುದು. ಬರಿಗಣ್ಣಿಗೆ ಕಾಣದುದನ್ನು ಅನುಭವಿ ಸ್ಟ್ರಕ್ಚರಲ್ ಇಂಜಿನಿಯರು ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಹೇಳಬಲ್ಲರು. ಸಂಶಯವಿದ್ದಲ್ಲಿ ಉಪಕರಣಗಳಿಂದ ಪರೀಕ್ಷಿಸಬಲ್ಲರು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳಂತೆ ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಗಳಿಗೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದವಕ್ಕೆ ಮೂರು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು. ಸಂಘದಿಂದ ಕಡೆಯ ವರದಿಯನ್ನು ಕೇಳಿ ಪಡೆಯಿರಿ. ವರದಿಯೇ ಇಲ್ಲವೆಂದರೆ ಅದೂ ಒಂದು ವರದಿಯೇ. 2016ರ ರೇರಾ ಕಾಯಿದೆಯಲ್ಲಿ ಕಟ್ಟಡದ ದೋಷಗಳಿಗೆ ಐದು ವರ್ಷಗಳ ಹೊಣೆಯನ್ನು ಕಟ್ಟಿಸಿದವನ ಮೇಲೆ ಹೊರಿಸಿದ್ದಾರೆ. ಇಪ್ಪತ್ತು ವರ್ಷದ ಹಳೆಯ ಫ್ಲಾಟನ್ನು ಇನ್ನೊಬ್ಬ ಗೃಹಸ್ಥನಿಂದ ಕೊಳ್ಳುವವನಿಗೆ ಆ ರಕ್ಷಣೆ ದೊರೆಯದು.

ಆಷಾಢದಲ್ಲಿ ಮನೆ ಕೊಳ್ಳಬಾರದೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಕೊಳ್ಳುವುದು ಬೇಡ, ಆದರೆ ನೋಡಲು ಆಷಾಢಕ್ಕಿಂತ ಶುಭಮಾಸ ಬೇರೊಂದಿಲ್ಲ. ಜಡಿಮಳೆ ಹಿಡಿದಾಗ ಹೋದರೆ ಯಾವ ಗೋಡೆ ಬೆವರುತ್ತದೆ, ಯಾವ ಕಿಟಕಿಯ ಮೂಲೆ ಸೋರುತ್ತದೆ, ನೆಲಮಾಳಿಗೆಯಲ್ಲಿ ನೀರು ಎಷ್ಟು ನಿಲ್ಲುತ್ತದೆ ಎಂಬುದನ್ನು ಮನೆ ತಾನೇ ಬಾಯಿಬಿಟ್ಟು ಹೇಳುತ್ತದೆ. ತೇವ ಬರಿಯ ಅಂದಚೆಂದದ ಮಾತಲ್ಲ. ತೇವದಿಂದ ಬೂಷ್ಟು ಬೆಳೆಯುತ್ತದೆ. ತೇವ, ಬೂಷ್ಟುಗಳಿರುವ ಮನೆಗಳಲ್ಲಿ ಉಬ್ಬಸ ಮತ್ತು ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ವಾಸ್ತು ಪಂಡಿತರಿಗೆ ದಕ್ಷಿಣೆ ಕೊಟ್ಟು ದಿಕ್ಕುಗಳನ್ನು ಕೇಳುವವರು, ಕೂಸು ಮಲಗುವ ಕೋಣೆಯ ಗೋಡೆಗೆ ಒಮ್ಮೆ ಅಂಗೈ ಊರಿ ನೋಡಬಾರದೇಕೆ?

ವಿಮಾನ ನಗರದಲ್ಲಿ ಇನ್ನೊಂದು ಪರೀಕ್ಷೆಗೆ ಕಾಸು ಖರ್ಚಿಲ್ಲ: ಕಿವಿಯ ಪರೀಕ್ಷೆ. ಲೋಹಗಾಂವದಲ್ಲಿ ಸುಖೋಯ್ ಯುದ್ಧವಿಮಾನಗಳಿವೆ. ಅವುಗಳ ಗರ್ಜನೆಯ ಮುಂದೆ ನಾಗರಿಕ ವಿಮಾನಗಳ ಸದ್ದು ಜೋಗುಳದಂತೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ವಿಮಾನಗಳ ಸದ್ದು ರಾತ್ರಿಯ ವೇಳೆ ಸರಾಸರಿ 40 ಡೆಸಿಬೆಲ್ ಮೀರದಿರುವುದು ನಿದ್ರೆಗೆ ಹಿತವೆಂದಿದೆ. ಭಾನುವಾರ ಬೆಳಿಗ್ಗೆ ನೋಡಿದ ಮನೆಯನ್ನು ಕೆಲಸದ ದಿನದ ಮಧ್ಯಾಹ್ನವೊಮ್ಮೆ, ರಾತ್ರಿ ಹನ್ನೊಂದರ ಮೇಲೊಮ್ಮೆ ಹೋಗಿ ಅರ್ಧ ಗಂಟೆ ಕುಳಿತು ಕೇಳಬೇಕು. ಅದೇ ಹೊತ್ತಿನಲ್ಲಿ ಅಳತೆ ಪಟ್ಟಿಯಿಂದ ಕೋಣೆಗಳನ್ನು ಅಳೆದು ಕರಾರಿನಲ್ಲಿ ಬರೆದ ಕಾರ್ಪೆಟ್ ವಿಸ್ತೀರ್ಣದೊಂದಿಗೆ ಹೋಲಿಸಿ ನೋಡಿದರೆ, ಚದರ ಅಡಿಯ ಲೆಕ್ಕದಲ್ಲಿ ಹಣ ಕೊಡುವವರಿಗೆ ಅದರ ಫಲ ಕೂಡಲೇ ತಿಳಿಯುತ್ತದೆ.

ಇಷ್ಟೆಲ್ಲ ಮಾಡುತ್ತ ಕುಳಿತರೆ ಒಳ್ಳೆಯ ಮನೆ ಕೈತಪ್ಪಿ ಹೋಗುತ್ತದೆ ಎಂಬ ಆಕ್ಷೇಪವನ್ನು ನಾನು ಹಲವು ಬಾರಿ ಕೇಳಿದ್ದೇನೆ. ಹೋಗಬಹುದು. “ಬೇರೆ ಗಿರಾಕಿ ಕಾದಿದ್ದಾರೆ” ಎಂಬ ಮಾತು ಮಧ್ಯಸ್ಥಗಾರರ ಬತ್ತಳಿಕೆಯ ಹಳೆಯ ಬಾಣ. ಮನೆ ಕೈತಪ್ಪಿದರೆ ಇನ್ನೊಂದು ಸಿಕ್ಕೀತು. ಹೊಲ ಮಾರಿದ ಹಣ ಕೈತಪ್ಪಿದರೆ ಹೊಲವೂ ಇಲ್ಲ, ಮನೆಯೂ ಇಲ್ಲ. ಖರ್ಚಿನ ಮಾತೂ ಹಾಗೆಯೇ. ಒಂದು ಕೋಟಿ ರೂಪಾಯಿಯ ಮನೆಗೆ ಪುಣೆಯಲ್ಲಿ ಮುದ್ರಾಂಕ ಶುಲ್ಕವೇ ಆರೇಳು ಲಕ್ಷ. ವಕೀಲರ, ಇಂಜಿನಿಯರರ, ಭೂಮಾಪಕರ ಫೀಸು ಒಟ್ಟುಗೂಡಿದರೂ ಅದರ ಒಂದು ಸಣ್ಣ ಪಾಲಾದೀತು. ಗೃಹಪ್ರವೇಶದ ಊಟಕ್ಕೆ ಅದಕ್ಕಿಂತ ಹೆಚ್ಚು ವೆಚ್ಚ ಮಾಡುವವರನ್ನು ನಾವೆಲ್ಲ ಕಂಡಿದ್ದೇವೆ.

ಕಡೆಗೆ ನಮ್ಮ ಸಂಘಕ್ಕೆ ಒಂದು ಸೂಚನೆ. ರಾಜ್ಯೋತ್ಸವ, ನಾಟಕ, ಆರೋಗ್ಯ ಶಿಬಿರಗಳನ್ನು ನಾವು ಚೆನ್ನಾಗಿ ನಡೆಸುತ್ತೇವೆ. ಸದಸ್ಯರಲ್ಲಿ ವಕೀಲರಿದ್ದಾರೆ, ಸಿವಿಲ್ ಇಂಜಿನಿಯರರಿದ್ದಾರೆ, ಮೋಡಿ ಬರಹದಿಂದ ಹಿಡಿದು ಇಂದಿನ ಸರಕಾರಿ ಮರಾಠಿಯವರೆಗೆ ಓದಬಲ್ಲ ನಿವೃತ್ತ ನೌಕರರೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಅವರು ಸಂಘದ ಕಚೇರಿಯಲ್ಲಿ ಕುಳಿತು, ಹೊಸದಾಗಿ ಊರಿನಿಂದ ಬಂದ ತರುಣ ದಂಪತಿಗಳ ಸಾತ್‌ಬಾರಾ, ಪ್ರಾಪರ್ಟಿ ಕಾರ್ಡು, ಮೋಜಣಿ ನಕ್ಷೆ, ಎತ್ತರದ ನಿರಾಕ್ಷೇಪಣಾ ಪತ್ರಗಳನ್ನು ಕನ್ನಡದಲ್ಲಿ ಓದಿ ಹೇಳುವಂತಾಗಬೇಕು. ತೀರ್ಮಾನ ಕೊಳ್ಳುವವರದೇ ಇರಲಿ. ಸಂಘ ಯಾವ ಮನೆಯನ್ನೂ ಶಿಫಾರಸು ಮಾಡಬಾರದು, ಯಾವ ಬಿಲ್ಡರನ ಜಾಹೀರಾತಿನ ದಾಕ್ಷಿಣ್ಯಕ್ಕೂ ಒಳಗಾಗಬಾರದು. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದಿದ್ದೇನೆ. ಕಚೇರಿಯ ಮೇಜು, ಎರಡು ಕುರ್ಚಿ ಹೇಗೂ ಇವೆ. ಒಂದು ಮೂವತ್ತು ಮೀಟರಿನ ಅಳತೆ ಪಟ್ಟಿಯನ್ನು ಮಾತ್ರ ಸಂಘದ ಖರ್ಚಿನಲ್ಲಿ ಕೊಳ್ಳಬೇಕಾದೀತು.